ನಾಗಿನ್ ಹಾಡಿನ ಪುಂಗಿ ನುಡಿಸಿದ್ದು ಯಾರು?

ಪ್ರಶ್ನೆ: ಸಂಬಂಧಿಕರ ಮದುವೆ ದಿಬ್ಬಣದಲ್ಲಿ ಬ್ಯಾಂಡ್‌ನವರು ‘ನಾಗಿನ್’ ಟ್ಯೂನ್ ಬಾರಿಸಿದರು. ಹುಡುಗರೆಲ್ಲ ಕರ್ಚೀಫ್ ಬಾಯಿಗೆ ಕಚ್ಚಿಕೊಂಡು ರಸ್ತೆಯಲ್ಲೇ ಹೊರಳಾಡಿದರು. ಮೂಲ ಹಾಡಿನಲ್ಲಿ ಇರುವುದು ಪುಂಗಿಯೇ ಅಲ್ಲ ಅಂತ ನಮ್ಮ ಚಿಕ್ಕಪ್ಪ ಹೇಳಿದರು. ನಿಜವಾ? ಹಾಗಾದರೆ ಅದು ಏನು, ನುಡಿಸಿದವರು ಯಾರು? ಇಂಥ ವಾದ್ಯದವರ ಹೆಸರು ಎಲ್ಲೂ ಯಾಕೆ ಕಾಣುವುದಿಲ್ಲ? ನಮ್ಮ ಕನ್ನಡದಲ್ಲೂ ಇಂಥವರು ಇದ್ದಾರಾ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ಚಿಕ್ಕಪ್ಪ ಹೇಳಿದ್ದು ಸರಿ. 1954ರ ‘ನಾಗಿನ್’ ಚಿತ್ರದ ‘ಮನ್ ಡೋಲೇ ಮೇರಾ ತನ್ ಡೋಲೇ’ ಹಾಡಿನಲ್ಲಿ ಪುಂಗಿ ಇಲ್ಲ. ಪುಂಗಿ ಅಂತ ನಾವೆಲ್ಲ ನಂಬಿರುವ ಆ ದನಿ ಕ್ಲಾವಿಯೋಲಿನ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದ್ದು. ಜೊತೆಗೆ ಹಾರ್ಮೋನಿಯಂ ಇದೆ. ಕ್ಲಾವಿಯೋಲಿನ್ ನುಡಿಸಿದವರು ಕಲ್ಯಾಣ್‌ಜಿ ವೀರ್‌ಜಿ ಶಾ. ಹಾರ್ಮೋನಿಯಂ ರವಿ ಅವರದು. ಚಿತ್ರದ ಸಂಗೀತ ನಿರ್ದೇಶಕ ಹೇಮಂತ್ ಕುಮಾರ್. ಈ ಇಬ್ಬರೂ ಆಗ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ, ಇನ್ನೂ ಮೂವತ್ತು ದಾಟದ ಹುಡುಗರು.

ನಿಜವಾದ ಪುಂಗಿಯನ್ನೇ ತರಿಸಬಹುದಿತ್ತಲ್ಲ ಅಂತ ಕೇಳುತ್ತೀರಿ. ಹಾವಾಡಿಗರಿಗೆ ಬರ ಇರಲಿಲ್ಲ, ನಿಜ. ಆದರೆ ಪುಂಗಿ ಸ್ಟುಡಿಯೋಗೆ ಒಗ್ಗುವ ವಾದ್ಯ ಅಲ್ಲ. ಒಂದು ಸೋರೆ ಬುರುಡೆ, ಅದಕ್ಕೆ ಜೇನುಮೇಣ ಹಾಕಿ ಕೂರಿಸಿದ ಎರಡು ಕೊಳವೆ. ಒಂದು ಕೊಳವೆ ಒಂದೇ ಸಮನೆ ಶ್ರುತಿ ಹಿಡಿದಿರುತ್ತದೆ. ಇನ್ನೊಂದರ ತೂತುಗಳ ಮೇಲೆ ಬೆರಳಾಡಿಸಿ ರಾಗ ನುಡಿಸಬೇಕು. ಶ್ರುತಿ ಅದರದ್ದೇ. ಲತಾ ಮಂಗೇಶ್ಕರ್ ಯಾವ ಶ್ರುತಿಯಲ್ಲಿ ಹಾಡುತ್ತಾರೋ, ಇಪ್ಪತ್ತು ಪಿಟೀಲು ಯಾವ ಶ್ರುತಿಯಲ್ಲಿವೆಯೋ ಅದಕ್ಕೆ ಪುಂಗಿಯನ್ನು ಹೊಂದಿಸುವುದು ದೊಡ್ಡ ತಲೆನೋವು. ಸ್ವರಗಳೂ ಕಮ್ಮಿ. ಪಲ್ಲವಿಗೂ ಚರಣಕ್ಕೂ ನಡುವೆ ಅರೇಂಜರ್ (ಯಾವ ವಾದ್ಯ ಏನು ನುಡಿಸಬೇಕು ಅಂತ ಬರೆಯುವವರು) ಬರೆದುಕೊಟ್ಟ ಸಾಲನ್ನು ಅಳತೆಗೆ ಸರಿಯಾಗಿ ನುಡಿಸಿ ನಿಲ್ಲಿಸು ಅಂದರೆ ಅದು ಆಗದ ಮಾತು.

ಕ್ಲಾವಿಯೋಲಿನ್‌ಗೆ ಈ ಕಷ್ಟ ಇರಲಿಲ್ಲ. ಫ್ರಾನ್ಸಿನ ಕಾನ್‌ಸ್ಟಾಂಟ್ ಮಾರ್ಟಿನ್ 1947ರಲ್ಲಿ ಮಾಡಿದ ವಾದ್ಯ ಇದು. ಮೂರು ಸ್ಥಾಯಿಯ ಪುಟ್ಟ ಕೀಬೋರ್ಡ್, ಒಳಗೆ ರೇಡಿಯೋದಲ್ಲಿ ಇರುತ್ತಿದ್ದಂಥ ವಾಲ್ವುಗಳು, ದನಿ ಹೊರಬರಲು ಬೇರೆಯೇ ಒಂದು ಸ್ಪೀಕರ್ ಪೆಟ್ಟಿಗೆ. ಮುಂದುಗಡೆ ಸಾಲಾಗಿ ಸ್ವಿಚ್‌ಗಳು. ಒಂದನ್ನು ಒತ್ತಿದರೆ ಪಿಟೀಲಿನ ಹಾಗೆ, ಇನ್ನೊಂದನ್ನು ಒತ್ತಿದರೆ ತುತ್ತೂರಿಯ ಹಾಗೆ ಕೇಳಬೇಕು ಅನ್ನುವುದು ಕಂಪನಿಯ ಆಸೆ. ನಿಜ ಹೇಳಬೇಕೆಂದರೆ ಅದು ಯಾವುದರ ಹಾಗೂ ಕೇಳುತ್ತಿರಲಿಲ್ಲ. ಮೂಗಿನಿಂದ ಹಾಡಿದ ಹಾಗೆ, ಸ್ವಲ್ಪ ಕರ್ಕಶವಾಗಿ, ಸ್ವಲ್ಪ ನಡುಗುತ್ತಾ ಕೇಳುತ್ತಿತ್ತು. ಒಂದು ಸಲಕ್ಕೆ ಒಂದೇ ಸ್ವರ ಬರುತ್ತಿತ್ತು. ಎರಡು ಕೀ ಒಟ್ಟಿಗೆ ಒತ್ತಿದರೂ ಅಷ್ಟೆ. ಬೇರೆ ಯಾರಿಗಾದರೂ ಇವೆಲ್ಲ ಕೊರತೆ ಅನಿಸುತ್ತಿತ್ತೋ ಏನೋ. ಪುಂಗಿ ಬೇಕಾದವರಿಗೆ ಇದಕ್ಕಿಂತ ಒಳ್ಳೆ ವಾದ್ಯ ಇರಲಿಲ್ಲ. ಜೋರು ಮಾಡಲು, ಇಳಿಸಲು ಮೊಣಕಾಲಿನಿಂದ ತಳ್ಳುವ ಒಂದು ಸನ್ನೆಗೋಲು ಇತ್ತು. ಬುಸ್ಸನೆ ಏರಿ ಇಳಿಯುವ ದನಿಯನ್ನು ಅದರಿಂದ ಹೊರಡಿಸಬಹುದಿತ್ತು.

ಇಲ್ಲಿ ವಾದ್ಯಕ್ಕಿಂತ ಕೈ ದೊಡ್ಡದು. ಕ್ಲಾವಿಯೋಲಿನ್ ಆಗಲಿ ಹಾರ್ಮೋನಿಯಂ ಆಗಲಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬಿಡುವುದಿಲ್ಲ. ಪಿಟೀಲಿನಲ್ಲಿ ಬೆರಳು ಎಳೆದರೆ ಆಯಿತು, ಇಲ್ಲಿ ಆ ಸೌಲಭ್ಯ ಇಲ್ಲ. ಹಾಗಿದ್ದೂ ಆ ಪುಂಗಿ ತೂಗಾಡುತ್ತದೆ, ಬಳುಕುತ್ತದೆ. ಗಮನ ಇಟ್ಟು ಕೇಳಿ ನೋಡಿ. ಮುಖ್ಯ ಸ್ವರಕ್ಕೆ ಬರುವ ಮೊದಲು ಅದರ ಪಕ್ಕದ ಸ್ವರವನ್ನು ಚಕ್ಕನೆ ಮುಟ್ಟಿ ಬಿಡುತ್ತಾರೆ. ಮುಟ್ಟಿದ್ದು ಕಿವಿಗೆ ಬೇರೆ ಸ್ವರ ಅಂತ ತಿಳಿಯುವುದೇ ಇಲ್ಲ, ಜಾರಿದ ಹಾಗೆ ಅನಿಸುತ್ತದೆ. ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನಾಗಿ ಹೇಳುತ್ತೇನೆ: ಈಗಿನ ಕೀಬೋರ್ಡ್‌ಗಳಲ್ಲಿ ಎಡಗೈ ಬದಿಗೆ ಪಿಚ್ ಬೆಂಡ್ ಚಕ್ರ ಇರುತ್ತದೆ, ತಿರುಗಿಸಿದರೆ ಸ್ವರ ಸಲೀಸಾಗಿ ಜಾರುತ್ತದೆ. ಗಣೇಶೋತ್ಸವದ ಸ್ಟೇಜಿನಲ್ಲಿ ನಾವೆಲ್ಲ ಓಬೋ (ಪಾಶ್ಚಾತ್ಯ ಊದುವ ವಾದ್ಯ) ಟೋನ್ ಇಟ್ಟು, ಆ ಚಕ್ರ ತಿರುಗಿಸಿಯೇ ನಾಗಿನ್ ಬಾರಿಸುವುದು. ಚಪ್ಪಾಳೆ ಬೀಳುತ್ತದೆ, ಆದರೆ ಮೂಲದ ಹಾಗೆ ಇರುವುದಿಲ್ಲ. ನಮ್ಮದು ಜಾಸ್ತಿ ಜಾರುತ್ತದೆ. ಅವರದು ಬಿಗಿಯಾಗಿದೆ.

ಇನ್ನೊಂದು ಕಥೆಯನ್ನು ನೀವೂ ಕೇಳಿರಬಹುದು. ಈ ಹಾಡು ಬಂದಾಗ ಟಾಕೀಸಿಗೆ ಹಾವು ಬರುತ್ತಿತ್ತಂತೆ! ಊರಿಗೊಂದು ಟಾಕೀಸಿನ ಹೆಸರಲ್ಲಿ ಈ ಕಥೆ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ನಂಬಬೇಕಿಲ್ಲ. ಹಾವಿಗೆ ಹೊರಗಿವಿ ಇಲ್ಲ, ಕಿವಿದೆರೆಯೂ ಇಲ್ಲ. ನೆಲದ ನಡುಕ, ತೀರಾ ತಗ್ಗು ದನಿ ಅದಕ್ಕೆ ತಿಳಿಯುತ್ತದೆ. ನಿಜವಾದ ಪುಂಗಿಯ ಮುಂದೆ ಹೆಡೆ ಆಡಿಸುವುದು ಕೂಡ ಹಾವಾಡಿಗನ ಕೈಯ ಚಲನೆ ನೋಡಿಕೊಂಡೇ.

ಹೇಮಂತ್ ಕುಮಾರ್‌ಗೆ ಈ ಚಿತ್ರ ಫಿಲ್ಮ್‌ಫೇರ್ ಪ್ರಶಸ್ತಿ ತಂದುಕೊಟ್ಟಿತು. ನುಡಿಸಿದ ಇಬ್ಬರೂ ಬೇಗನೆ ತಮ್ಮದೇ ದಾರಿ ಹಿಡಿದರು. ರವಿ 1955ರಲ್ಲೇ ‘ವಚನ್’ ಚಿತ್ರಕ್ಕೆ ಸಂಗೀತ ಕೊಟ್ಟರು. ‘ಚೌದ್ವೀ ಕಾ ಚಾಂದ್’, ‘ವಕ್ತ್’ ಆಮೇಲಿನವು. 1980ರ ದಶಕದಲ್ಲಿ ಮಲಯಾಳಂಗೆ ಹೋಗಿ ‘ಬಾಂಬೆ ರವಿ’ ಅನಿಸಿಕೊಂಡು ಎರಡನೇ ಸುತ್ತು ಗೆದ್ದರು. ಕಲ್ಯಾಣ್‌ಜಿ 1958ರ ‘ಸಾಮ್ರಾಟ್ ಚಂದ್ರಗುಪ್ತ’ದಿಂದ ಶುರು ಮಾಡಿ, ತಮ್ಮ ಆನಂದ್‌ಜಿ ಜೊತೆ ಕಲ್ಯಾಣ್‌ಜಿ–ಆನಂದ್‌ಜಿ ಆದರು. ನಿಮ್ಮ ಮದುವೆ ಬ್ಯಾಂಡಿನ ಪಟ್ಟಿಯನ್ನೇ ತೆಗೆದುಕೊಳ್ಳಿ. ‘ಆಜ್ ಮೇರೆ ಯಾರ್ ಕೀ ಶಾದಿ ಹೈ’ ಇದ್ದೇ ಇರುತ್ತದೆ, ಅದು ರವಿ ಅವರದು. ಹೆಣ್ಣು ಒಪ್ಪಿಸುವ ಹೊತ್ತಿಗೆ ‘ಬಾಬುಲ್ ಕೀ ದುವಾಯೇಂ’, ಅದೂ ರವಿ ಅವರದೇ. ‘ಮೇರಿ ಪ್ಯಾರಿ ಬೆಹನಿಯಾ ಬನೇಗಿ ದುಲ್ಹನಿಯಾ’ ಕಲ್ಯಾಣ್‌ಜಿ–ಆನಂದ್‌ಜಿ ಅವರದು. ಅಂದರೆ ಎಲ್ಲರೂ ಹೊರಳಾಡುವ ಆ ನಾಗಿನ್ ಪೀಸಿಗೆ ಕೂಲಿಗೆ ಕೂತ ಇಬ್ಬರು ಹುಡುಗರೇ ಮುಂದೆ ದೇಶದ ಅರ್ಧ ದಿಬ್ಬಣಗಳಿಗೆ ಸಂಗೀತ ಕೊಟ್ಟವರು. ಬ್ಯಾಂಡ್‌ನವರಲ್ಲೂ ಇದು ಗೊತ್ತಿರುವವರು ಕಮ್ಮಿ.

ಇವರು ಅದೃಷ್ಟವಂತರು. ಮುಂದೆ ಹೆಸರು ಮಾಡಿದ್ದರಿಂದ ಹಳೆಯ ಕೆಲಸವೂ ಬೆಳಕಿಗೆ ಬಂತು. ಹೆಸರು ಮಾಡದವರ ಕಥೆ ಬೇರೆ.

ಹೆಸರು ಯಾಕೆ ಕಾಣುವುದಿಲ್ಲ ಅಂದಿರಿ. ಆ ಕಾಲದಲ್ಲಿ ಹಾಡಿದವರ ಹೆಸರೇ ಇರುತ್ತಿರಲಿಲ್ಲ ಮಾರಾಯ್ರೆ! 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ರೆಕಾರ್ಡಿನ ಮೇಲೆ ಗಾಯಕಿ ‘ಕಾಮಿನಿ’ ಅಂತ ಅಚ್ಚಾಗಿತ್ತು. ಕಾಮಿನಿ ಅಂದರೆ ಚಿತ್ರದಲ್ಲಿ ಮಧುಬಾಲಾ ಮಾಡಿದ ಪಾತ್ರ. ಹಾಡಿದ ಲತಾ ಹೆಸರು ಇಲ್ಲ. ಹಿನ್ನೆಲೆ ಗಾಯಕರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಶುರುವಾಗಿದ್ದೇ 1959ರಲ್ಲಿ. ಲತಾ ಅಂಥವರೇ ಹಟ ಹಿಡಿದು ಹೆಸರು ಹಾಕಿಸಿಕೊಳ್ಳಬೇಕಾಗಿ ಬಂದಿತ್ತು. ಹಿಂದಿನ ಸಾಲಿನಲ್ಲಿ ಕೂತು ವಾದ್ಯ ನುಡಿಸಿದವನನ್ನು ಯಾರು ಕೇಳುತ್ತಾರೆ? ವಾದ್ಯದವರಿಗೆ ದಿನದ ಲೆಕ್ಕದಲ್ಲಿ, ಸೆಷನ್ ಲೆಕ್ಕದಲ್ಲಿ ದುಡ್ಡು. ಬೆಳಿಗ್ಗೆ ಒಂದು ಸ್ಟುಡಿಯೋ, ಮಧ್ಯಾಹ್ನ ಇನ್ನೊಂದು. ಯಾವ ಚಿತ್ರ, ಯಾವ ಹಾಡು ಅಂತ ಎಷ್ಟೋ ಸಲ ಅವರಿಗೇ ನೆನಪು ಇರುತ್ತಿರಲಿಲ್ಲ.

ಕೆಲಸ ಮಾತ್ರ ಸುಮ್ನೆ ಆಗುತ್ತಿರಲಿಲ್ಲ. ಆಗ ಟ್ರ್ಯಾಕ್ ಟ್ರ್ಯಾಕ್ ಆಗಿ ಬೇರೆ ಬೇರೆ ರೆಕಾರ್ಡ್ ಮಾಡುವ ಅನುಕೂಲ ಇರಲಿಲ್ಲ. ಗಾಯಕಿ, ಕೋರಸ್, ಇಡೀ ವಾದ್ಯಮೇಳ ಒಟ್ಟಿಗೆ ನುಡಿಸಬೇಕು. ಕೊನೆಯ ಚರಣದಲ್ಲಿ ಒಬ್ಬ ಒಂದು ಸ್ವರ ತಪ್ಪಿದರೂ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. ಆ ಹಾಡುಗಳಲ್ಲಿ ನಾವು ಗುನುಗುವ ಎಷ್ಟೋ ಪೀಸುಗಳನ್ನು ಹಾಕಿದ್ದು ಸಂಗೀತ ನಿರ್ದೇಶಕರಲ್ಲ, ಅರೇಂಜರ್‌ಗಳು. ನಿರ್ದೇಶಕರು ಹಾರ್ಮೋನಿಯಂ ಹಿಡಿದು ಟ್ಯೂನ್ ಹಾಡಿ ತೋರಿಸುತ್ತಾರೆ. ಅದಕ್ಕೆ ಪಿಟೀಲುಗಳು ಎಲ್ಲಿ ಏರಬೇಕು, ಚೆಲ್ಲೋ ಕೆಳಗೆ ಏನು ಹೇಳಬೇಕು, ಪಲ್ಲವಿ ಮುಗಿದ ಮೇಲೆ ಯಾವ ವಾದ್ಯ ಎದ್ದು ಬರಬೇಕು ಅಂತೆಲ್ಲ ಸ್ಟಾಫ್ ನೊಟೇಶನ್‌ನಲ್ಲಿ, ಅಂದರೆ ಪಾಶ್ಚಾತ್ಯ ಸ್ವರಲಿಪಿಯಲ್ಲಿ, ಬರೆದು ಐವತ್ತು ಜನರ ಮುಂದೆ ಇಡುವವರು ಅರೇಂಜರ್. ಮುಂಬೈಯಲ್ಲಿ ಈ ಕೆಲಸ ಬಲ್ಲವರು ಹೆಚ್ಚಾಗಿ ಗೋವಾದವರು. ಪೋರ್ಚುಗೀಸರ ಕಾಲದಲ್ಲಿ ಅಲ್ಲಿನ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ನೊಟೇಶನ್ ಓದುವುದು, ಪಿಟೀಲು ನುಡಿಸುವುದನ್ನು ಕಲಿಸುತ್ತಿದ್ದರು. ದೊಡ್ಡವರಾಗಿ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದು, ಹೋಟೆಲ್ ಬ್ಯಾಂಡುಗಳಲ್ಲಿ ಜಾಜ್ ನುಡಿಸಿ, ಆಮೇಲೆ ಸಿನಿಮಾಕ್ಕೆ ಸೇರಿದರು. ಶಂಕರ್–ಜೈಕಿಶನ್, ಓ.ಪಿ. ನಯ್ಯರ್ ಹಾಡುಗಳ ಪಿಟೀಲು ಸಾಲು ಕೇಳಿ ನೀವು ಯಾವತ್ತಾದರೂ ತಲೆದೂಗಿದ್ದರೆ, ಆ ತಲೆದೂಗು ಸೆಬಾಸ್ಟಿಯನ್ ಡಿಸೋಜಾ ಅವರಿಗೆ ಸಲ್ಲಬೇಕು.

ಇವರಲ್ಲಿ ಒಬ್ಬರ ಹೆಸರು ಮಾತ್ರ ದೇಶಕ್ಕೆಲ್ಲ ಗೊತ್ತು. ತಮಾಷೆ ಅಂದರೆ, ಅದು ಒಬ್ಬ ನಿಜವಾದ ಮನುಷ್ಯನ ಹೆಸರು ಅಂತ ಗೊತ್ತಿರುವವರು ಕಮ್ಮಿ. ‘ಮೈ ನೇಮ್ ಈಸ್ ಆಂಟನಿ ಗೊನ್ಸಾಲ್ವಿಸ್’ ಹಾಡು ಇದೆಯಲ್ಲ, 1977ರ ‘ಅಮರ್ ಅಕ್ಬರ್ ಆಂಟನಿ’ಯದು, ಅಮಿತಾಭ್ ದೊಡ್ಡ ಮೊಟ್ಟೆಯೊಳಗಿಂದ ಎದ್ದು ಬರುತ್ತಾರಲ್ಲ. ಆಂಟನಿ ಗೊನ್ಸಾಲ್ವಿಸ್ ಗೋವಾದ ಮಜೋರ್ಡಾ ಊರಿನವರು, 1927ರಲ್ಲಿ ಹುಟ್ಟಿದವರು, ಪಿಟೀಲುಗಾರ, ಅರೇಂಜರ್. ಅವರ ಹತ್ತಿರ ಪಿಟೀಲು ಕಲಿತ ಹುಡುಗರಲ್ಲಿ ಇಬ್ಬರು ಮುಂದೆ ಆರ್.ಡಿ. ಬರ್ಮನ್ ಮತ್ತು ಲಕ್ಷ್ಮೀಕಾಂತ್–ಪ್ಯಾರೆಲಾಲ್ ಜೋಡಿಯ ಪ್ಯಾರೆಲಾಲ್ ಆದರು. ಅಮಿತಾಭ್ ಪಾತ್ರಕ್ಕೆ ಮೊದಲು ಬೇರೆ ಅಡ್ಡಹೆಸರು ಇತ್ತು, ಅದು ಹಾಡಿನ ಲಯಕ್ಕೆ ಕೂರಲಿಲ್ಲ. ಪ್ಯಾರೆಲಾಲ್ ತಮ್ಮ ಗುರುವಿನ ಹೆಸರು ಕೊಟ್ಟರು.

ಗೊನ್ಸಾಲ್ವಿಸ್ ಅವರಿಗೆ ಸಿನಿಮಾ ಸಾಕಾಗುತ್ತಿರಲಿಲ್ಲ. ನಮ್ಮ ರಾಗಗಳನ್ನು ದೊಡ್ಡ ಸಿಂಫನಿ ಮೇಳಕ್ಕೆ ತರಬೇಕು ಅನ್ನುವುದು ಅವರ ಹುಚ್ಚು. 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ನೂರಕ್ಕೂ ಹೆಚ್ಚು ವಾದ್ಯಗಾರರನ್ನು ಕೂರಿಸಿ ಕಛೇರಿ ಮಾಡಿದರು. ಲತಾ, ಮನ್ನಾ ಡೇ ಹಾಡಿದರು. ಆದರೆ ಅದಕ್ಕೆ ದುಡ್ಡು ಹಾಕುವವರು ಎಲ್ಲಿದ್ದಾರೆ? 1960ರ ದಶಕದ ಮಧ್ಯದಲ್ಲಿ ಅವರು ಅಮೆರಿಕಕ್ಕೆ, ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೊರಟರು. ಆಮೇಲೆ ಮಜೋರ್ಡಾಗೆ ವಾಪಸ್ ಬಂದು ಸದ್ದಿಲ್ಲದೆ ಇದ್ದರು. 2012ರಲ್ಲಿ ತೀರಿಕೊಂಡಾಗ ಸುದ್ದಿಯನ್ನು ಎಲ್ಲರೂ ಆ ಮೊಟ್ಟೆಯ ಹಾಡಿನಿಂದಲೇ ಶುರು ಮಾಡಿದರು. ಬೇರೆ ದಾರಿ ಇರಲಿಲ್ಲ. ಅವರ ಸಿಂಫನಿಯನ್ನು ಕೇಳಿದವರು ಎಷ್ಟು ಜನ ಇದ್ದಾರು?

ಇನ್ನು ಕೆಲವರನ್ನು ಚುಟುಕಾಗಿ ಹೇಳಿಬಿಡುತ್ತೇನೆ. ‘ಗೈಡ್’ ಚಿತ್ರದ ‘ಮೋ ಸೇ ಛಲ್ ಕಿಯೇ ಜಾಯ್’ ಹಾಡಿನ ತಬಲಾ ಶಿವಕುಮಾರ್ ಶರ್ಮಾ ಅವರದು. ಹೌದು, ಸಂತೂರ್‌ನ ಶಿವಕುಮಾರ್ ಅವರೇ. ‘ರೂಪ್ ತೇರಾ ಮಸ್ತಾನಾ’ ಹಾಡಿನಲ್ಲಿ ಮೈ ಬೆಚ್ಚಗಾಗಿಸುವ ಸ್ಯಾಕ್ಸೋಫೋನ್ ಮನೋಹರಿ ಸಿಂಗ್ ಅವರದು, ಅಕಾರ್ಡಿಯನ್ ಕೆರ್ಸಿ ಲಾರ್ಡ್ ಅವರದು. ‘ದಮ್ ಮಾರೋ ದಮ್’ ಗಿಟಾರ್ ಭೂಪಿಂದರ್ ಸಿಂಗ್, ಮುಂದೆ ಗಝಲ್ ಹಾಡಿ ಹೆಸರಾದವರು.

‘ಬಸಂತ್ ಬಹಾರ್’ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ಅದರ ಬೇರು ನಮ್ಮಲ್ಲಿದೆ. 1956ರ ಈ ಚಿತ್ರದ ಕಥೆ ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯದು. ಚಿತ್ರದುರ್ಗದ ಸಂಗೀತಗಾರನ ಕಥೆ ಹಿಂದಿಗೆ ಹೋಗಿ ಬಸಂತ್ ಬಹಾರ್ ಆಯಿತು. ಜಿ.ವಿ. ಅಯ್ಯರ್ ಅದನ್ನು ಕನ್ನಡಕ್ಕೆ ತಂದಿದ್ದು 1975ರಲ್ಲಿ, ಎಷ್ಟೋ ವರ್ಷದ ಮೇಲೆ. ಹಿಂದಿ ಚಿತ್ರದ ಜುಗಲ್‌ಬಂದಿಯಲ್ಲಿ ಮನ್ನಾ ಡೇ ಎದುರು ಹಾಡಿದವರು ನಮ್ಮ ಗದಗದ ಭೀಮಸೇನ ಜೋಶಿ. ಕಥೆಯ ಪ್ರಕಾರ ಜೋಶಿಯವರು ಸೋಲಬೇಕು! ಮನ್ನಾ ಡೇ ಹೆದರಿ ಊರು ಬಿಡಲು ನೋಡಿದ್ದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಈ ಜುಗಲ್‌ಬಂದಿ ಎಲ್ಲರಿಗೂ ಗೊತ್ತು. ಅದೇ ಚಿತ್ರದ ‘ಮೈ ಪಿಯಾ ತೇರಿ’ ಹಾಡಿನಲ್ಲಿ ಲತಾ ಜೊತೆ ಉದ್ದಕ್ಕೂ ಮಾತಾಡುವ ಕೊಳಲು ಪನ್ನಾಲಾಲ್ ಘೋಷ್ ಅವರದು ಅನ್ನುವುದು ಅಷ್ಟು ಗೊತ್ತಿಲ್ಲ. ಕೊಳಲನ್ನು ಉದ್ದ ಮಾಡಿ ಹಿಂದೂಸ್ತಾನಿ ಕಛೇರಿಯ ಮುಖ್ಯ ವಾದ್ಯ ಮಾಡಿದ ಮಹಾನುಭಾವರು ಅವರು. ಇಯರ್‌ಫೋನ್ ಹಾಕಿಕೊಂಡು ಕೇಳಿ, ಲತಾ ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಕೊಳಲು ಬಂದು ಕೂರುತ್ತದೆ.

ಈಗ ಇಂಥ ಕಥೆಗಳು ಮೊಬೈಲಿನಲ್ಲಿ ದಿನಾ ಬರುತ್ತವೆ. ಎಲ್ಲವನ್ನೂ ನಂಬಬೇಡಿ. ನುಡಿಸಿದವರೇ ಹೇಳಿದ್ದಾರಾ, ಜೊತೆಗೆ ಕೂತಿದ್ದವರು ಹೌದು ಅಂದಿದ್ದಾರಾ ಅಂತ ನೋಡಿ. ವರ್ಷ ಹೊಂದುತ್ತದಾ ನೋಡಿ. ಹಾಡು ಬಂದ ವರ್ಷ ಆ ವಾದ್ಯಗಾರ ಇನ್ನೂ ಮುಂಬೈಗೇ ಬಂದಿರದಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಒಂದೇ ಹಾಡಿಗೆ ಇಬ್ಬರ ಹೆಸರು ಕೇಳಿಬಂದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತಲೂ ಅಲ್ಲ. ನಾಗಿನ್ ವಿಷಯದಲ್ಲಿ ‘ಕಲ್ಯಾಣ್‌ಜಿ ನುಡಿಸಿದ್ದು’, ‘ಅಲ್ಲ, ರವಿ ನುಡಿಸಿದ್ದು’ ಅಂತ ಜಗಳ ಆಡುವವರು ಇದ್ದಾರೆ. ಇಬ್ಬರೂ ನುಡಿಸಿದ್ದಾರೆ, ಮುಗಿಯಿತಲ್ಲ.

ಕಾನೂನು ಇವರ ಕೈ ಹಿಡಿಯುತ್ತದಾ? ಅಷ್ಟಾಗಿ ಇಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿಯಾಗಿ ಗೀತೆ ಬರೆದವರ, ಸಂಗೀತ ಕೊಟ್ಟವರ ರಾಯಲ್ಟಿ ಗಟ್ಟಿಯಾಯಿತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಸೇರಿದೆ. ಸಿನಿಮಾದಲ್ಲಿ ಒಬ್ಬರ ಪಾಲು ಸಣ್ಣಪುಟ್ಟದ್ದಾಗಿದ್ದು, ಉದ್ಯಮದ ರೂಢಿಯಂತೆ ಅವರ ಹೆಸರನ್ನು ಟೈಟಲ್‌ನಲ್ಲಿ ಹಾಕದಿದ್ದರೆ, ಅವರನ್ನು ಹೆಚ್ಚಿನ ಮಟ್ಟಿಗೆ ‘ಪ್ರದರ್ಶಕ’ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಸರು ಹಾಕದೇ ಇರುವುದೇ ರೂಢಿ ಆಗಿಬಿಟ್ಟಿರುವ ಕಡೆ ಇದು ಯಾರಿಗೆ ಅನುಕೂಲ ಅಂತ ನೀವೇ ಹೇಳಿ.

ಕನ್ನಡಕ್ಕೆ ಬರೋಣ. ನಮ್ಮ ಹಳೆಯ ಸಿನಿಮಾ ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆಗಿದ್ದು ಮದ್ರಾಸಿನಲ್ಲಿ. ಅದೇ ವಾದ್ಯಗಾರರು ಬೆಳಿಗ್ಗೆ ತಮಿಳಿಗೆ, ಸಂಜೆ ಕನ್ನಡಕ್ಕೆ ನುಡಿಸುತ್ತಿದ್ದರು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ದ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕನಾಗಿ ಗಿಟಾರ್ ನುಡಿಸುತ್ತಿದ್ದ ಒಬ್ಬ ಹುಡುಗ ಇದ್ದ. ಅವರೇ ಇಳಯರಾಜಾ. ಮುಂದಿನ ತಲೆಮಾರಿನಲ್ಲಿ ಎ.ಆರ್. ರೆಹಮಾನ್ ಕೂಡ ಹುಡುಗನಾಗಿದ್ದಾಗ ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಮೇಳದಲ್ಲಿ ಕೀಬೋರ್ಡ್ ನುಡಿಸಿದವರು. ಅಂದರೆ ನಮ್ಮ ಹಳೇ ಹಾಡುಗಳ ಹಿಂದೆ ಎಂಥೆಂಥ ಕೈಗಳು ಕೂತಿದ್ದವು ಅನ್ನುವುದು ಗೊತ್ತಾಯಿತಲ್ಲ. ಉಳಿದವರ ಹೆಸರು ಮದ್ರಾಸಿನ ಹಳೆಯ ವಾದ್ಯಗಾರರ ನೆನಪಿನಲ್ಲಿ ಇದೆ. ಅದನ್ನು ಕೇಳಿ ಬರೆದಿಡುವ ಕೆಲಸ ಕನ್ನಡದಲ್ಲಿ ಆಗಬೇಕಾದಷ್ಟು ಆಗಿಲ್ಲ.

ವಾದ್ಯದವರ ಹೆಸರೇ ಹಾಡಿನ ಬಲವಾದದ್ದೂ ಉಂಟು. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜ್‌ಕುಮಾರ್ ಸನಾದಿ, ಅಂದರೆ ಶಹನಾಯಿ ಊದುವವರು, ತೆರೆಯ ಹಿಂದೆ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಸಂಗೀತ ಅದೇ ಜಿ.ಕೆ. ವೆಂಕಟೇಶ್. ‘ಕರೆದರೂ ಕೇಳದೆ’ ಕೇಳುವಾಗ ಎಸ್. ಜಾನಕಿ ಅವರ ದನಿ ಎಲ್ಲಿ ಮುಗಿಯಿತು, ಶಹನಾಯಿ ಎಲ್ಲಿ ಶುರುವಾಯಿತು ಅಂತ ಹಿಡಿಯಲು ನೋಡಿ. ಅಷ್ಟು ಸುಲಭ ಇಲ್ಲ.

ವೆಂಕಟೇಶ್ ಅವರ ಬಳಿ ಇನ್ನೊಬ್ಬ ಸಹಾಯಕರಿದ್ದರು, ಎಲ್. ವೈದ್ಯನಾಥನ್. ಪಿಟೀಲಿನ ಎಲ್. ಸುಬ್ರಹ್ಮಣ್ಯಂ ಅವರ ಅಣ್ಣ. ಸಿ. ಅಶ್ವತ್ಥ್ ಜೊತೆ ಸೇರಿ ‘ಅಶ್ವತ್ಥ್–ವೈದಿ’ ಅನ್ನುವ ಹೆಸರಲ್ಲಿ ಕನ್ನಡ ಚಿತ್ರಗಳಿಗೆ ಸಂಗೀತ ಕೊಟ್ಟಿದ್ದಾರೆ. ಆ ಜೋಡಿಯ ‘ವೈದಿ’ ಯಾರು ಅಂತ ಕೇಳಿದರೆ ಅಶ್ವತ್ಥ್ ಅವರ ಅಭಿಮಾನಿಗಳೂ ತಡಬಡಾಯಿಸುತ್ತಾರೆ. ಆದರೆ ಅವರ ಒಂದು ಟ್ಯೂನನ್ನು ನೀವು ಈಗಲೇ, ಇದನ್ನು ಓದುತ್ತಲೇ ಗುನುಗಬಲ್ಲಿರಿ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಟೈಟಲ್ ಟ್ಯೂನ್ ಅವರದು. ಅವರ ಹೆಸರೂ ಟೈಟಲ್‌ನಲ್ಲೇ ಬರುತ್ತದೆ. ನಾವು ಓದಿಲ್ಲ, ಅಷ್ಟೆ.